ಮಾತ್ರೆ ಕೊಡುವ ಕೈಗೆ ಇದೂ ತಿಳಿದಿರಲಿ

ಎಚ್‌ಐವಿ ಎಂದರೆ ಸಾವೇ ಗತಿ ಎನ್ನುತ್ತಿದ್ದ ಕಾಲ ಹೋಯಿತು. 2004ರಿಂದ ಸರ್ಕಾರ ಎಆರ್‌ಟಿ ಕೇಂದ್ರಗಳಲ್ಲಿ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಿದೆ. ಅವನ್ನು ತಪ್ಪದೆ ನುಂಗುವ ತಾಯಂದಿರು ದುಡಿಯುತ್ತಾರೆ, ಮಕ್ಕಳ ಮದುವೆ ಮಾಡುತ್ತಾರೆ, ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತಾರೆ. ಹೀಗೆ ಉಳಿಸಿಕೊಂಡ ಜೀವವನ್ನು, ತಡೆಯಬಹುದಾದ ಇನ್ನೊಂದು ರೋಗಕ್ಕೆ ಒಪ್ಪಿಸಬೇಕೆ ಎಂಬುದು ನನ್ನ ಪ್ರಶ್ನೆ. ಆ ರೋಗ ಗರ್ಭಕಂಠದ ಕ್ಯಾನ್ಸರ್.

ಎಚ್‌ಐವಿ ಇರುವ ಹೆಣ್ಣುಮಕ್ಕಳಿಗೆ ಈ ಕ್ಯಾನ್ಸರ್ ಬರುವ ಸಂಭವ ಉಳಿದವರಿಗಿಂತ ಆರು ಪಟ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದಕ್ಕೆ ಮೂಲ ಎಚ್‌ಪಿವಿ ಎಂಬ ವೈರಾಣು. ರೋಗನಿರೋಧಕ ಶಕ್ತಿ ಚೆನ್ನಾಗಿದ್ದರೆ ಅದು ಕ್ಯಾನ್ಸರ್ ಆಗಿ ಬೆಳೆಯಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಶಕ್ತಿ ಕುಂದಿದ ದೇಹದಲ್ಲಿ 5ರಿಂದ 10 ವರ್ಷ ಸಾಕು. ತಪಾಸಣೆ ಮಾಡಿ ಜೀವ ಉಳಿಸಲು ನಮಗಿರುವ ಕಾಲಾವಕಾಶವೂ ಅಷ್ಟೇ.

ಆದ್ದರಿಂದಲೇ 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವರಿಗೆ ಬೇರೆ ನಿಯಮ ಹೇಳಿತು. ಉಳಿದ ಮಹಿಳೆಯರಿಗೆ ತಪಾಸಣೆ 30ನೆಯ ವಯಸ್ಸಿಗೆ ಆರಂಭವಾದರೆ, ಎಚ್‌ಐವಿ ಇರುವವರಿಗೆ 25ಕ್ಕೇ ಆರಂಭವಾಗಬೇಕು. ಎಚ್‌ಪಿವಿ ಪರೀಕ್ಷೆಯಾದರೆ ಮೂರರಿಂದ ಐದು ವರ್ಷಕ್ಕೊಮ್ಮೆ ಮತ್ತೆ ಮಾಡಬೇಕು. ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ ಸಾಮಾನ್ಯ ಮಹಿಳೆಯರ ತಪಾಸಣೆ 30ಕ್ಕೆ ಶುರು. ಆ ಒಂದನ್ನೇ ಕಲಿತ ಆರೋಗ್ಯ ಕಾರ್ಯಕರ್ತೆ 26ರ ಹೆಣ್ಣುಮಗಳಿಗೆ, ‘ನಿನಗಿನ್ನೂ ಆ ವಯಸ್ಸಾಗಿಲ್ಲ ತಂಗಿ’ ಎಂದು ಹೇಳಿ ಕಳಿಸಿದರೆ ತಪ್ಪು ಅವಳದಲ್ಲ, ಅವಳಿಗೆ ಕಲಿಸದವರದು.

ಎಆರ್‌ಟಿ ಕೇಂದ್ರದ ಆಪ್ತ ಸಮಾಲೋಚಕರು ಮತ್ತು ದಾದಿಯರು ಈ ತಾಯಂದಿರನ್ನು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ನೋಡುತ್ತಾರೆ. ಇಷ್ಟು ನಿಯಮಿತವಾಗಿ ಆಸ್ಪತ್ರೆಗೆ ಬರುವ ಹೆಂಗಸರು ಬೇರೆ ಯಾರಿದ್ದಾರೆ? ಅಲ್ಲಿ ಮಾತ್ರೆಯ ಲೆಕ್ಕ ಕೇಳುವಾಗ ‘ಗರ್ಭಕಂಠದ ತಪಾಸಣೆ ಯಾವಾಗ ಆಯಿತು ಅಕ್ಕ?’ ಎಂದು ಇನ್ನೊಂದು ಮಾತು ಕೇಳಿದರೆ ಸಾಕು. ಪರೀಕ್ಷೆಯೂ ಕಷ್ಟದ್ದಲ್ಲ. ತೆಳುವಾದ ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಕಾದು, ಬಿಳಿ ಮಚ್ಚೆ ಕಾಣುತ್ತದೆಯೇ ಎಂದು ನೋಡುವುದನ್ನು ತರಬೇತಿ ಪಡೆದ ದಾದಿಯೇ ಮಾಡಬಲ್ಲಳು. ಎಚ್‌ಪಿವಿ ಪರೀಕ್ಷೆಗಾದರೆ ಮಾದರಿಯನ್ನು ಮಹಿಳೆ ತಾನೇ ತೆಗೆದುಕೊಡಬಹುದು.

ಆದರೂ ನಮ್ಮವರು ಹಿಂಜರಿಯುತ್ತಾರೆ. ಗರ್ಭಕಂಠದ ಮಾತು ಬಂದರೆ ದನಿ ತಗ್ಗಿಸುತ್ತಾರೆ. ರಜಸ್ಸೂತಕವನ್ನು ಒಪ್ಪದ ಶರಣರ ಬಳಿಯವರು ನಾವು. ಹೆಣ್ಣಿನ ದೇಹಕ್ಕೆ ಮೈಲಿಗೆಯಿಲ್ಲ ಎಂದು ಎಂಟು ಶತಮಾನಗಳ ಹಿಂದೆಯೇ ಕಲಿತವರು ಈಗ ಅದರ ರೋಗದ ಹೆಸರು ಹೇಳಲು ನಾಚಬಾರದು.

ನಮ್ಮ ಮಠಗಳ ಆಶ್ರಯದಲ್ಲಿ ವೈದ್ಯಕೀಯ ಕಾಲೇಜುಗಳಿವೆ, ನರ್ಸಿಂಗ್ ಶಾಲೆಗಳಿವೆ. ಅವುಗಳ ಮುಂದೆ ನನ್ನದು ಎರಡು ಬಿನ್ನಹ. ಸುತ್ತಲಿನ ಆಶಾ ಕಾರ್ಯಕರ್ತೆಯರು, ದಾದಿಯರು, ಆಪ್ತ ಸಮಾಲೋಚಕರನ್ನು ಕರೆದು ಯಾರಿಗೆ, ಯಾವ ವಯಸ್ಸಿಗೆ, ಎಷ್ಟು ವರ್ಷಕ್ಕೊಮ್ಮೆ ತಪಾಸಣೆ, ದೋಷ ಕಂಡರೆ ಎಲ್ಲಿಗೆ ಕಳಿಸಬೇಕು ಎಂಬುದನ್ನು ಕಲಿಸಲಿ. ತಪಾಸಣಾ ಶಿಬಿರವನ್ನು ‘ಎಚ್‌ಐವಿ ಇರುವವರಿಗೆ’ ಎಂದು ಸಾರದೆ ಎಲ್ಲ ಮಹಿಳೆಯರಿಗೂ ನಡೆಸಲಿ. 25 ದಾಟಿದ ಯಾರೇ ಬಂದರೂ ಸಾಲಿನಲ್ಲಿ ‘ನೀನೇಕೆ ಬಂದೆ’ ಎಂದು ಕೇಳದಿರಲಿ. ಎಚ್‌ಐವಿ ಇರುವವರ ಗುಟ್ಟು ಕಾಪಾಡಬೇಕೆಂದು 2017ರ ಕಾಯ್ದೆಯೂ ಹೇಳುತ್ತದೆ. ಗುಟ್ಟು ಉಳಿಯುತ್ತದೆ ಎಂಬ ನಂಬಿಕೆ ಇದ್ದಲ್ಲಿಗೆ ಮಾತ್ರ ಆ ತಾಯಿ ಬರುತ್ತಾಳೆ.

ಅನ್ನ ಅಕ್ಷರಗಳಲ್ಲಿ ನಮ್ಮ ದಾಸೋಹಕ್ಕೆ ಹೆಸರಿದೆ. ಆರೋಗ್ಯದ ಅರಿವೂ ಅದೇ ಪಂಕ್ತಿಯಲ್ಲಿ ಬಡಿಸಬೇಕಾದದ್ದು.