ಆಟದ ಯಂತ್ರಗಳ ಪೇಟೆಯೂ ಗೆಲವಿನ ಅನಿಶ್ಚಯವೂ

ಹೆಣ್ಣುಮಕ್ಕಳ ಪ್ರೌಢಶಾಲೆಯ ಸ್ಮರಣ ಸಂಚಿಕೆಯಲ್ಲಿ ವಿಡಿಯೋ ಗೇಮ್ ಕನ್ಸೋಲುಗಳ ಮಾತೇಕೆಂದು ಕೆಲವು ಹಿರಿಯರು ಹುಬ್ಬೇರಿಸಬಹುದು. ಟೆಲಿವಿಷನ್ನಿಗೆ ಜೋಡಿಸಿ ಆಡುವ ಈ ಯಂತ್ರಗಳು ಮಕ್ಕಳ ವೇಳೆಯನ್ನು ನುಂಗುತ್ತವೆಂಬ ದೂರು ನಮ್ಮ ಕಿವಿಗೂ ಬಿದ್ದಿದೆ. ಅದರ ವಿಚಾರವನ್ನು ಇನ್ನೊಮ್ಮೆ ಮಾಡೋಣ. ಸದ್ಯಕ್ಕೆ ನಾವು ಹೇಳಬೇಕೆಂದಿರುವದು ಬೇರೆ. ಒಂದು ಕಂಪೆನಿ ಗೆದ್ದ ಮೇಲೆ, ಅದು ಗೆಲ್ಲಲೇಬೇಕಾಗಿತ್ತೆಂದು ಕಾರಣಗಳನ್ನು ಪೋಣಿಸಿ ಹೇಳುವ ಪಂಡಿತರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಮುಂದೆ ವಾಣಿಜ್ಯಶಾಸ್ತ್ರವನ್ನು ಓದಬಯಸುವ ನಮ್ಮ ಹುಡುಗಿಯರು ಅಂಥ ಮಾತುಗಳನ್ನು ಬಾಯಿಪಾಠ ಮಾಡುವದು ನಮಗೆ ಸಮ್ಮತವಲ್ಲ. ಯಾಕಂದರೆ ಈ ಪೇಟೆಯ ಸುಮಾರು ಐವತ್ತು ವರುಷಗಳ ಚರಿತ್ರೆಯು ಆ ಕಾರಣಗಳನ್ನು ಒಂದೊಂದಾಗಿ ಸುಳ್ಳುಮಾಡಿ ತೋರಿಸಿದೆ.

ಅಮೇರಿಕೆಯ ಅಟಾರಿ ಕಂಪೆನಿಯು 1977ರಲ್ಲಿ ತನ್ನ ಯಂತ್ರವನ್ನು ಹೊರತಂದು, ಕೆಲವೇ ವರುಷಗಳಲ್ಲಿ ಆ ದೇಶದ ಲಕ್ಷಾಂತರ ಮನೆಗಳನ್ನು ಹೊಕ್ಕಿತು. 1983ರ ಹೊತ್ತಿಗೆ ಪೇಟೆಯಲ್ಲಿ ಕಳಪೆ ಆಟಗಳ ರಾಶಿ ಬಿದ್ದು, ಕೊಳ್ಳುವವರ ನಂಬಿಕೆ ಮುರಿಯಿತು. ಮಾರಾಟವಾಗದ ಸರಕನ್ನು ನ್ಯೂ ಮೆಕ್ಸಿಕೋ ಪ್ರಾಂತದ ಅಲಮೊಗೋರ್ಡೊ ಎಂಬ ಊರಿನ ಕಸದ ಗುಂಡಿಯಲ್ಲಿ ಹೂಳಿದರು. 2014ರಲ್ಲಿ ಅಗೆದು ನೋಡಿದಾಗ ಅದು ಅಲ್ಲಿಯೇ ಸಿಕ್ಕಿತು. ಈ ವ್ಯಾಪಾರದ ಕಾಲ ತೀರಿತೆಂದು ಅಮೇರಿಕೆಯ ಅಂಗಡಿಕಾರರು ಕೈತೊಳೆದುಕೊಂಡಿದ್ದರು. ಅದನ್ನು ಎಬ್ಬಿಸಿ ನಿಲ್ಲಿಸಿದ್ದು, 1889ರಲ್ಲಿ ಜಪಾನಿನ ಕ್ಯೋಟೋ ಪಟ್ಟಣದಲ್ಲಿ ಆಟದ ಎಲೆಗಳನ್ನು ತಯಾರಿಸುವದಕ್ಕಾಗಿ ಹುಟ್ಟಿದ ನಿಂಟೆಂಡೊ ಕಂಪೆನಿ. 1985ರಲ್ಲಿ ಅದು ತನ್ನ ಯಂತ್ರದೊಡನೆ ಒಂದು ಆಟಿಕೆಯ ರೋಬಾಟನ್ನೂ ಇಟ್ಟು, ಮುಚ್ಚಿದ ಬಾಗಲುಗಳನ್ನು ತೆರೆಯಿಸಿತು. ಆ ಯಂತ್ರಗಳು 6 ಕೋಟಿಗೂ ಮಿಕ್ಕಿ ಮಾರಾಟವಾದವು.

ಅದೇ ನಿಂಟೆಂಡೊ ತನ್ನ ಎದುರಾಳಿಯನ್ನು ತಾನೇ ಬೆಳೆಸಿತೆಂದರೆ ಸುಳ್ಳಾಗದು. ಸೋನಿ ಕಂಪೆನಿಯು ಅದರೊಡನೆ ಕೂಡಿ ಸಿ.ಡಿ. ಬಳಸುವ ಯಂತ್ರವೊಂದನ್ನು ಮಾಡುವದಾಗಿ 1991ರಲ್ಲಿ ಪ್ರಕಟಿಸಿತು. ಮರುದಿನವೇ ನಿಂಟೆಂಡೊ, ತಾನು ಫಿಲಿಪ್ಸ್ ಕಂಪೆನಿಯೊಡನೆ ಕೂಡುವೆನೆಂದು ಸಾರಿತು. ಹೀಗೆ ಕೈಬಿಡಲ್ಪಟ್ಟ ಸೋನಿ, ಕೆನ್ ಕುಟರಗಿ ಎಂಬ ಇಂಜಿನಿಯರರ ಹಟದಿಂದ 1994ರಲ್ಲಿ ಪ್ಲೇಸ್ಟೇಷನ್ನನ್ನು ಹೊರತಂದಿತು. ಅದು 10 ಕೋಟಿಯನ್ನು ದಾಟಿತು. 1995ರ ಮೇ ತಿಂಗಳಲ್ಲಿ ಲಾಸ್ ಏಂಜಲಿಸಿನ ಪ್ರದರ್ಶನದಲ್ಲಿ ಸೆಗಾ ಕಂಪೆನಿಯು ತನ್ನ ಸ್ಯಾಟರ್ನ್ ಯಂತ್ರಕ್ಕೆ 399 ಡಾಲರೆಂದು ಹೇಳಿದ ಮೇಲೆ, ಸೋನಿಯ ಅಧಿಕಾರಿಯೊಬ್ಬರು ವೇದಿಕೆಗೆ ಬಂದು 299 ಎಂಬ ಸಂಖ್ಯೆಯನ್ನಷ್ಟೇ ಉಚ್ಚರಿಸಿ ಇಳಿದುಹೋದರು. ದೀರ್ಘ ಭಾಷಣಗಳ ಅಭ್ಯಾಸವುಳ್ಳ ನಮ್ಮಂಥವರಿಗೆ ಅದು ಸ್ವಲ್ಪ ನಾಚಿಕೆಯನ್ನುಂಟುಮಾಡತಕ್ಕದ್ದೇ.

ಇಷ್ಟು ಏರಿಳಿತಕ್ಕೆ ಮೂಲವು ಈ ವ್ಯಾಪಾರದ ಕಟ್ಟಿನಲ್ಲಿಯೇ ಇದೆ. ಯಂತ್ರವನ್ನು ಅಲ್ಪ ಲಾಭಕ್ಕೆ, ಕೆಲವು ಸಾರಿ ನಷ್ಟಕ್ಕೂ ಮಾರುತ್ತಾರೆ. ಹಣ ಹುಟ್ಟುವದು ಅದರಲ್ಲಿ ಆಡುವ ಆಟಗಳಿಂದ. ಆಟಗಳನ್ನು ರಚಿಸುವವರು ಕೊಳ್ಳುವವರು ಹೆಚ್ಚಿರುವ ಕಡೆಗೆ ಹೋಗುತ್ತಾರೆ. ಕೊಳ್ಳುವವರಾದರೋ ಆಟಗಳು ಹೆಚ್ಚಿರುವ ಕಡೆಗೆ. ಆದುದರಿಂದ ಆರಂಭದಲ್ಲಿ ಕೂದಲೆಳೆಯಷ್ಟು ಮುಂದಾದವನು ಕಡೆಗೆ ಗಾವುದ ದೂರ ಮುಂದಾಗುವದುಂಟು. ಐದಾರು ವರುಷಗಳಿಗೊಮ್ಮೆ ಹೊಸ ಯಂತ್ರ ಬಂದಾಗ ಎಲ್ಲರೂ ತಿರುಗಿ ಗೆರೆಯ ಮೇಲೆ ನಿಲ್ಲಬೇಕು.

ಇನ್ನು ಪಂಡಿತರ ಸೂತ್ರಗಳನ್ನು ಪರೀಕ್ಷಿಸೋಣ. ಬಲವಾದ ಯಂತ್ರ ಗೆಲ್ಲುತ್ತದೆ ಎನ್ನುವರು. 2006ರಲ್ಲಿ ಎಲ್ಲಕ್ಕಿಂತ ದುರ್ಬಲವಾದ ನಿಂಟೆಂಡೊ ವೀ 10 ಕೋಟಿ ಮನೆಗಳನ್ನು ಸೇರಿತು. ಅಜ್ಜಿಯರೂ ಕೈಬೀಸಿ ಆಡಬಹುದಾದ ಯಂತ್ರವದು. ಹಾಗಾದರೆ ಅಗ್ಗವಾದದ್ದು ಗೆಲ್ಲುತ್ತದೆಯೋ? 2001ರಲ್ಲಿ ಗೇಮ್‌ಕ್ಯೂಬನ್ನು 199 ಡಾಲರಿಗೆ ಮಾರಿದರೂ, 299 ಡಾಲರಿನ ಪ್ಲೇಸ್ಟೇಷನ್ 2ರ ಮುಂದೆ ಅದು ನಿಲ್ಲಲಿಲ್ಲ. ಮೊದಲು ಬಂದವನಿಗೇ ಪೇಟೆ ಎಂಬ ಮಾತಿಗೆ ಸೆಗಾದ ಡ್ರೀಮ್‌ಕಾಸ್ಟೇ ಉತ್ತರ.

ಆ ಸೆಗಾದ ಕಥೆಯನ್ನು ಕೊಂಚ ನಿಂತು ಹೇಳಬೇಕೆನಿಸುತ್ತದೆ. ಡ್ರೀಮ್‌ಕಾಸ್ಟ್ ಪ್ಲೇಸ್ಟೇಷನ್ 2ಕ್ಕಿಂತ ಮುಂಚೆ, 1998ರಲ್ಲಿ ಬಂದಿತು. ದೂರವಾಣಿಯ ತಂತಿಯ ಮೂಲಕ ದೂರದವರೊಡನೆ ಆಡುವ ಅನುಕೂಲವು ಅದರಲ್ಲಿಯೇ ಅಡಕವಾಗಿತ್ತು. ಅದನ್ನು ಕೆಟ್ಟ ಯಂತ್ರವೆಂದು ಇಂದಿಗೂ ಯಾರೂ ಅನ್ನುವದಿಲ್ಲ. ಆದರೂ ಸುಮಾರು 90 ಲಕ್ಷದಷ್ಟು ಮಾರಿ, 2001ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆಗ ಕಂಪೆನಿಯ ಅಧ್ಯಕ್ಷರಾಗಿದ್ದ ಇಸಾವೊ ಒಕಾವ ಅವರು ತಮಗೆ ಬರಬೇಕಾಗಿದ್ದ ಸಾಲವನ್ನು ಬಿಟ್ಟುಕೊಟ್ಟು, ಕೋಟಿಗಟ್ಟಲೆ ಡಾಲರು ಬೆಲೆಯ ತಮ್ಮ ಪಾಲುಪತ್ರಗಳನ್ನೂ ಒಪ್ಪಿಸಿ, ಆ ವರುಷದ ಮಾರ್ಚಿಯಲ್ಲಿ ತೀರಿಕೊಂಡರು. ಸೆಗಾ ಅಂದಿನಿಂದ ಹಿಂದಿನ ಶತ್ರುಗಳ ಯಂತ್ರಗಳಿಗೆ ಆಟಗಳನ್ನು ರಚಿಸುತ್ತ ಬದುಕಿದೆ. ಸೋತವರು ಮೂರ್ಖರಾದದ್ದರಿಂದಲೇ ಸೋತರೆನ್ನುವವರು ಈ ವೃತ್ತಾಂತವನ್ನು ಓದಿದವರಲ್ಲ.

ಗೆದ್ದವರಿಗೆ ಗರ್ವ ಬಂದು ಬೀಳುವರೆಂಬ ಸೂತ್ರವೊಂದು ನಮಗೆ ಬಹುವಾಗಿ ಹಿಡಿಸುತ್ತಿತ್ತು. ಉಪಾಧ್ಯಾಯಿನಿಯರಿಗೆ ಅದು ಪ್ರಿಯವಾಗುವದು ಸಹಜ. ಸಾಕ್ಷ್ಯವೂ ಇದೆ: ಸೋನಿ 2006ರಲ್ಲಿ 599 ಡಾಲರು ಕೇಳಿ ಎಡವಿತು; ವೀ ಗೆದ್ದ ನಿಂಟೆಂಡೊ 2012ರ ವೀ ಯು ಯಂತ್ರವನ್ನು ಒಂದೂವರೆ ಕೋಟಿಯಷ್ಟೂ ಮಾರಲಾರದೆ ಹೋಗಿ, ಅದರ ಅಧ್ಯಕ್ಷ ಸತೋರು ಇವಾತ ಅವರು 2014ರಲ್ಲಿ ತಮ್ಮ ಸಂಬಳವನ್ನು ಕೆಲವು ತಿಂಗಳು ಅರ್ಧಕ್ಕಿಳಿಸಿಕೊಂಡರು. ಆದರೆ 2017ರ ಸ್ವಿಚ್ 15 ಕೋಟಿಯನ್ನು ಮೀರಿದ ಮೇಲೆ, 2025ರ ಜೂನಿನಲ್ಲಿ ಬಂದ ಸ್ವಿಚ್ 2 ನಾಲ್ಕೇ ದಿವಸಗಳಲ್ಲಿ 35 ಲಕ್ಷ ಮಾರಾಟವಾಯಿತು. ಆ ಸೂತ್ರವೂ ಹೋಯಿತು.

ಈ ಅನಿಶ್ಚಯವನ್ನು ಒಂದು ಕೇಡೆಂದು ನಾವು ಎಣಿಸುವದಿಲ್ಲ. ನಾಳೆ ಸೋಲಬಹುದೆಂಬ ಭಯವಿರುವ ವರ್ತಕನೇ ಕೊಳ್ಳುವವಳ ಮಾತಿಗೆ ಕಿವಿಗೊಡುವನು. 2013ರಲ್ಲಿ ಮೈಕ್ರೋಸಾಫ್ಟ್ ಕಂಪೆನಿಯು ತನ್ನ ಹೊಸ ಎಕ್ಸ್‌ಬಾಕ್ಸಿನ ಆಟವನ್ನು ಗೆಳತಿಗೆ ಎರವಲು ಕೊಡುವದಕ್ಕೂ ಹಳೆಯದನ್ನು ಮಾರುವದಕ್ಕೂ ನಿರ್ಬಂಧಗಳನ್ನು ಹಾಕಹೊರಟಿತು. ಓದಿದ ಪುಸ್ತಕವನ್ನು ಕೈಯಿಂದ ಕೈಗೆ ಕೊಡುವವರಿಗೆ ಇದರ ಅನ್ಯಾಯವು ತಟ್ಟನೆ ಹೊಳೆಯುವದು. ಸೋನಿಯು ತನಗೆ ಅಂಥ ನಿಯಮಗಳಿಲ್ಲವೆಂದು ಸಾರಿದ ಕೆಲವೇ ದಿವಸಗಳಲ್ಲಿ ಮೈಕ್ರೋಸಾಫ್ಟ್ ತನ್ನವನ್ನು ಹಿಂದೆಗೆದುಕೊಂಡಿತು. ಎದುರಾಳಿ ಇಲ್ಲದಿದ್ದರೆ ಹಿಂದೆಗೆಯುತ್ತಿತ್ತೇ?

ಅದಕ್ಕೇ ಈಚಿನ ಒಂದೆರಡು ಸಂಗತಿಗಳು ನಮ್ಮನ್ನು ಚಿಂತೆಗೀಡುಮಾಡಿವೆ. ಮೈಕ್ರೋಸಾಫ್ಟ್ 2024ರಿಂದ ತನ್ನದೇ ಕೆಲವು ಆಟಗಳನ್ನು ಎದುರಾಳಿಗಳ ಯಂತ್ರಗಳಿಗೂ ಕೊಡಲಾರಂಭಿಸಿದೆ. ವರುಷ ಕಳೆದಂತೆ ಯಂತ್ರಗಳ ಬೆಲೆ ಇಳಿಯುವದು ಈ ಪೇಟೆಯ ಹಳೆಯ ವಾಡಿಕೆಯಾಗಿತ್ತು. 2020ರಲ್ಲಿ ಸುಮಾರು 500 ಡಾಲರಿಗೆ ಬಂದ ಪ್ಲೇಸ್ಟೇಷನ್ 5 ಅಮೇರಿಕೆಯಲ್ಲಿ 2025ರಲ್ಲಿ 550ಕ್ಕೂ, ಅದೇ ಬೆಲೆಗೆ ಬಂದ ಎಕ್ಸ್‌ಬಾಕ್ಸ್ 650ಕ್ಕೂ ಏರಿದವು. ಆರ್ಥಿಕ ಪರಿಸ್ಥಿತಿಯೇ ಇದಕ್ಕೆ ಕಾರಣವೆಂದು ಕಂಪೆನಿಗಳು ಹೇಳಿವೆ. ಅಷ್ಟೇ ಕಾರಣವೋ, ಒಬ್ಬರಿಗೊಬ್ಬರ ಭಯ ತಗ್ಗಿದ್ದೂ ಅದರಲ್ಲಿ ಸೇರಿದೆಯೋ ಎಂಬದನ್ನು ಮೇಲಿನ ತರಗತಿಯ ಹುಡುಗಿಯರು ತಮ್ಮ ಚರ್ಚಾಕೂಟದಲ್ಲಿ ಎತ್ತಿಕೊಂಡರೆ, ನಾವೂ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳುವೆವು.