ಫೋನಿನೊಳಗೆ ಯಾರೋ ಇದ್ದಾರೆಂಬ ಶಂಕೆ: ಉತ್ತರ ಕೊಡಬೇಕಾದವರು ಯಾರು?

2025ರ ನವೆಂಬರ್ 28ರಂದು ಕೇಂದ್ರದ ದೂರಸಂಪರ್ಕ ಇಲಾಖೆ ಫೋನ್ ತಯಾರಿಸುವ ಕಂಪನಿಗಳಿಗೆ ಒಂದು ಆದೇಶ ನೀಡಿತು. ಹೊಸದಾಗಿ ಮಾರುಕಟ್ಟೆಗೆ ಬರುವ ಫೋನುಗಳಲ್ಲಿ ‘ಸಂಚಾರ ಸಾಥಿ’ ಎಂಬ ಸರ್ಕಾರಿ ಆ್ಯಪ್ ಮೊದಲೇ ಇರಬೇಕು, ಅದರ ಕೆಲಸವನ್ನು ತಡೆಯಲು ಆಸ್ಪದವಿರಬಾರದು ಎಂಬುದು ಅದರ ತಿರುಳು. ಕಳವಾದ ಫೋನನ್ನು ನಿರ್ಬಂಧಿಸಲು, ನಮ್ಮ ಹೆಸರಿನಲ್ಲಿ ಬೇರೆಯವರು ಪಡೆದ ಸಿಮ್‌ಗಳನ್ನು ಪತ್ತೆಹಚ್ಚಲು ನೆರವಾಗುವ ಆ್ಯಪ್ ಅದು. ಉದ್ದೇಶ ಕೆಟ್ಟದ್ದೆಂದು ಹೇಳಲಾಗದು. ಆದರೂ ಇದು ನಮ್ಮ ಮೇಲೆ ಕಣ್ಣಿಡುವ ಉಪಾಯವಲ್ಲವೇ ಎಂಬ ಪ್ರಶ್ನೆ ದೇಶದಾದ್ಯಂತ ಎದ್ದಿತು. ಬೇಡವಾದವರು ಅದನ್ನು ಅಳಿಸಬಹುದೆಂದು ಸಚಿವ ಜ್ಯೋತಿರಾದಿತ್ಯ ಸಿಂಧಿಯಾ ಸ್ಪಷ್ಟನೆ ಕೊಟ್ಟರು; ಡಿಸೆಂಬರ್ 3ರಂದು ಕಡ್ಡಾಯವನ್ನೇ ಹಿಂತೆಗೆದುಕೊಳ್ಳಲಾಯಿತು. ಆದೇಶ ಹೋಯಿತು, ಶಂಕೆ ಮಾತ್ರ ಉಳಿಯಿತು.

ಆ ಶಂಕೆ ನಮ್ಮ ಶಾಲೆಗಳ ರಕ್ಷಕ ಶಿಕ್ಷಕ ಸಭೆಗಳಿಗೂ ಬಂದು ಕುಳಿತಿದೆ. 2020ರಲ್ಲಿ ಶಾಲೆ ಮುಚ್ಚಿದಾಗ ಪಾಠ ಫೋನಿಗೆ ಬಂತು. ಶಾಲೆ ತೆರೆದ ಮೇಲೂ ಮನೆಗೆಲಸ, ಸೂಚನೆ, ಫಲಿತಾಂಶಗಳು ಅಲ್ಲೇ ಉಳಿದವು. ಅನೇಕ ಮನೆಗಳಲ್ಲಿ ಇರುವುದು ಒಂದೇ ಫೋನು. ಮಗುವಿನ ತರಗತಿಯ ಗುಂಪು, ತಾಯಿಯ ಸ್ವಸಹಾಯ ಸಂಘದ ಲೆಕ್ಕ, ತಂದೆಯ ಬ್ಯಾಂಕು ಎಲ್ಲವೂ ಅದರಲ್ಲೇ. ‘ಟೀಚರ್, ನಮ್ಮ ಫೋನು ಹ್ಯಾಕ್ ಆಗಿದೆಯೋ ಏನೋ’ ಎಂದು ಕೇಳುವ ತಾಯಂದಿರನ್ನು ನಾವು ನಕ್ಕು ಕಳುಹಿಸುವಂತಿಲ್ಲ. ಹಾಗೆ ಕೇಳಲು ಈ ದೇಶದಲ್ಲಿ ಕಾರಣಗಳಿವೆ.

ಇಸ್ರೇಲಿನ ಎನ್‌ಎಸ್‌ಒ ಕಂಪನಿ ತಯಾರಿಸಿದ ‘ಪೆಗಾಸಸ್’ ಎಂಬ ಗೂಢಚಾರಿಕೆ ತಂತ್ರಾಂಶಕ್ಕೆ ಬಳಕೆದಾರ ಏನನ್ನೂ ಒತ್ತಬೇಕಾಗಿಲ್ಲ. ವಾಟ್ಸ್ಆ್ಯಪ್‌ನ ಒಂದು ದೋಷವನ್ನು ಬಳಸಿ, ಕರೆ ಸ್ವೀಕರಿಸದಿದ್ದರೂ ಫೋನಿನೊಳಗೆ ನುಗ್ಗಿದ್ದು 2019ರಲ್ಲಿ ಬಯಲಾಯಿತು. ಜಗತ್ತಿನಾದ್ಯಂತ ಸುಮಾರು 1,400 ಮಂದಿ ಗುರಿಯಾಗಿದ್ದರು, ಅವರಲ್ಲಿ ಭಾರತೀಯರೂ ಇದ್ದರು. 2021ರ ಜುಲೈಯಲ್ಲಿ ಹೊರಬಂದ ದೂರವಾಣಿ ಸಂಖ್ಯೆಗಳ ಪಟ್ಟಿಯಲ್ಲಿ, 2019ರಲ್ಲಿ ಕರ್ನಾಟಕದ ಮೈತ್ರಿ ಸರ್ಕಾರ ಉರುಳುವ ಹೊತ್ತಿನ ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಅವರ ಸಂಖ್ಯೆಯೂ ಎಚ್.ಡಿ. ಕುಮಾರಸ್ವಾಮಿ, ಸಿದ್ದರಾಮಯ್ಯ ಅವರ ಕಾರ್ಯದರ್ಶಿಗಳ ಸಂಖ್ಯೆಗಳೂ ಇದ್ದವೆಂದು ‘ದಿ ವೈರ್’ ವರದಿ ಮಾಡಿತು. ಪಟ್ಟಿಯಲ್ಲಿ ಸಂಖ್ಯೆ ಇದ್ದ ಮಾತ್ರಕ್ಕೆ ಆ ಫೋನಿಗೆ ಕನ್ನ ಬಿದ್ದಿತ್ತೆಂದು ಹೇಳಲಾಗದು. ಆದರೆ ಈ ತಂತ್ರಾಂಶವನ್ನು ಸರ್ಕಾರಗಳಿಗೆ ಮಾತ್ರ ಮಾರುತ್ತೇವೆಂದು ಹೇಳಿದ್ದು ಸ್ವತಃ ಆ ಕಂಪನಿ. ನಮ್ಮ ಸರ್ಕಾರ ಅದನ್ನು ಕೊಂಡಿದೆಯೇ ಎಂಬ ಪ್ರಶ್ನೆಗೆ, ರಾಷ್ಟ್ರದ ಭದ್ರತೆಯ ಕಾರಣವೊಡ್ಡಿ, ಹೌದೆಂದೂ ಇಲ್ಲವೆಂದೂ ಉತ್ತರ ಬರಲಿಲ್ಲ.

ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್ 27ರಂದು ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ತಾಂತ್ರಿಕ ಸಮಿತಿಯನ್ನು ನೇಮಿಸಿತು. ಸಮಿತಿ ಪರೀಕ್ಷಿಸಿದ 29 ಫೋನುಗಳಲ್ಲಿ ಐದರಲ್ಲಿ ಕುತಂತ್ರಾಂಶ ಸಿಕ್ಕಿತು. ಅದು ಪೆಗಾಸಸ್ಸೇ ಎಂದು ಹೇಳಲಾಗಲಿಲ್ಲ. ಸರ್ಕಾರ ಸಹಕರಿಸಲಿಲ್ಲವೆಂದು ಸಮಿತಿ ತಿಳಿಸಿರುವುದನ್ನು ಅಂದಿನ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ 2022ರ ಆಗಸ್ಟ್ 25ರಂದು ತೆರೆದ ನ್ಯಾಯಾಲಯದಲ್ಲೇ ಹೇಳಿದರು. ಪೂರ್ಣ ವರದಿ ಜನರ ಕೈಸೇರಿಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ ಎಂಬುದನ್ನು ಇಲ್ಲಿ ನೆನೆಯಬೇಕು. ಹಕ್ಕು ಇದೆ ಎಂದು ನ್ಯಾಯಾಲಯ ಹೇಳಿದೆ; ಆ ಹಕ್ಕು ಮುರಿದಿದೆಯೇ ಎಂದು ಕೇಳಿದವರಿಗೆ ಮುಚ್ಚಿದ ಲಕೋಟೆ ಸಿಕ್ಕಿದೆ.

ಇನ್ನೂ ಕಳವಳಕಾರಿಯಾದುದು ಭೀಮಾ ಕೋರೆಗಾಂವ್ ಪ್ರಕರಣ. ಆರೋಪಿಗಳಲ್ಲೊಬ್ಬರಾದ ರೋನಾ ವಿಲ್ಸನ್ ಅವರ ಕಂಪ್ಯೂಟರಿನ ಪ್ರತಿಯನ್ನು ಪರಿಶೀಲಿಸಿದ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಸಂಸ್ಥೆ, 2016ರ ಜೂನ್‌ನಲ್ಲಿ ಬಂದ ಒಂದು ಇಮೇಲಿನ ಮೂಲಕ ‘ನೆಟ್‌ವೈರ್’ ಎಂಬ ಕುತಂತ್ರಾಂಶ ಒಳಹೊಕ್ಕಿತ್ತು, ಇಪ್ಪತ್ತೆರಡು ತಿಂಗಳ ಕಾಲ ಅದು ಪರರ ಹಿಡಿತದಲ್ಲಿತ್ತು, ಸಾಕ್ಷ್ಯವೆಂದು ಮುಂದಿಟ್ಟ ಪತ್ರಗಳನ್ನು ಹೊರಗಿನಿಂದ ಇರಿಸಲಾಗಿತ್ತು ಎಂದು 2021ರಲ್ಲಿ ವರದಿ ಕೊಟ್ಟಿತು. ತನಿಖಾ ಸಂಸ್ಥೆ ಇದನ್ನು ಒಪ್ಪಿಲ್ಲ. ವಿಲ್ಸನ್ ಅವರಿಗೆ ಜಾಮೀನು ಸಿಕ್ಕಿದ್ದು 2025ರ ಜನವರಿಯಲ್ಲಿ, ಆರು ವರ್ಷಗಳಿಗೂ ಹೆಚ್ಚು ಕಾಲದ ಸೆರೆವಾಸದ ಬಳಿಕ. ನೆಟ್‌ವೈರ್ ಪೆಗಾಸಸ್‌ನಂತೆ ಸರ್ಕಾರಗಳಿಗಷ್ಟೇ ದೊರೆಯುವ ವಸ್ತುವಲ್ಲ. ಹಣ ಕೊಟ್ಟವರಿಗೆಲ್ಲ ದೊರೆಯುತ್ತಿದ್ದುದು. ಇದನ್ನು ನಾವು ಗಮನಿಸಬೇಕು, ಏಕೆಂದರೆ ನಮ್ಮ ಮನೆಗಳಿಗೆ ಬರುವುದು ಇಂಥ ಅಗ್ಗದ ಜಾತಿಯದೇ.

ಕೂಲಿ ಕೆಲಸದ ತಂದೆಯ ಫೋನಿಗೆ ಯಾರೂ ಪೆಗಾಸಸ್ ಕಳುಹಿಸುವುದಿಲ್ಲ. ಅಲ್ಲಿಗೆ ಬರುವುದು ಮದುವೆಯ ಕರೆಯೋಲೆ, ವಾಹನದ ದಂಡದ ಚಲನ್, ಸರ್ಕಾರಿ ಯೋಜನೆಯ ಹಣ ಎಂಬ ಹೆಸರು ಹೊತ್ತ ‘ಎಪಿಕೆ’ ಕಡತ. ಕರೆಯೋಲೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ. ಎಪಿಕೆ ಎಂದರೆ ಪ್ಲೇ ಸ್ಟೋರಿನ ಹೊರಗಿನಿಂದ ಬಂದ ಒಂದು ಆ್ಯಪ್. ಅದನ್ನು ತೆರೆದು, ಕೇಳಿದ ಅನುಮತಿಗಳಿಗೆಲ್ಲ ‘ಅಲೋ’ ಒತ್ತಿದರೆ ಬ್ಯಾಂಕಿನಿಂದ ಬರುವ ಒಟಿಪಿ ಮೋಸಗಾರನಿಗೂ ತಲುಪುತ್ತದೆ. ಎಷ್ಟೋ ಬಾರಿ ಅದೇ ಕಡತ ಆ ಫೋನಿನಲ್ಲಿರುವ ಎಲ್ಲ ಸಂಖ್ಯೆಗಳಿಗೂ ತಾನಾಗಿ ಹೋಗುತ್ತದೆ. ಹೀಗಾಗಿ ಅದು ಅಪರಿಚಿತರಿಂದ ಬರುವುದಿಲ್ಲ. ಚಿಕ್ಕಪ್ಪನಿಂದ, ನೆರೆಮನೆಯವರಿಂದ, ಮಗುವಿನ ತರಗತಿಯ ಗುಂಪಿನಿಂದ ಬರುತ್ತದೆ. ಶಾಲೆಯ ಗುಂಪಿನಲ್ಲಿ ಬಂದದ್ದೆಂಬ ನಂಬಿಕೆಯೇ ಅಲ್ಲಿ ಬಂಡವಾಳ.

ಹೇಳಲು ಸಂಕೋಚವಾಗುವ ಇನ್ನೊಂದು ಬಗೆಯೂ ಇದೆ. ಫೋನು ಒಂದು ನಿಮಿಷ ಕೈಗೆ ಸಿಕ್ಕರೆ ಸಾಕು, ವಾಟ್ಸ್ಆ್ಯಪ್‌ನ ‘ಲಿಂಕ್ಡ್ ಡಿವೈಸಸ್’ ಮೂಲಕ ಅದರ ಸಂದೇಶಗಳೆಲ್ಲ ಬೇರೊಂದು ಪರದೆಯಲ್ಲಿ ತೆರೆದುಕೊಳ್ಳುತ್ತವೆ. ಇದನ್ನು ಮಾಡುವವರು ಗಂಡ, ಅಣ್ಣ, ಕೆಲವೊಮ್ಮೆ ತಂದೆ. ಪ್ರೌಢಶಾಲೆಯ ಹೆಣ್ಣುಮಗಳ ಮೇಲೆ ಹೀಗೆ ಗುಟ್ಟಾಗಿ ಕಣ್ಣಿಡುವುದನ್ನು ರಕ್ಷಣೆ ಎಂದು ಕರೆಯಲು ನಮಗೆ ಮನಸ್ಸಿಲ್ಲ.

ಹಾಗಾದರೆ ಶಂಕೆ ಬಂದಾಗ ನೋಡಬೇಕಾದುದೆಲ್ಲಿ? ಫೋನು ಬಿಸಿಯಾಯಿತು, ಚಾರ್ಜ್ ಬೇಗ ಇಳಿಯಿತು ಎಂಬುದು ಹಳೆಯ ಬ್ಯಾಟರಿಯ ಲಕ್ಷಣವೂ ಹೌದು. ಕುಕ್ಕರಿನ ಮಾತಾಡಿದೊಡನೆ ಕುಕ್ಕರಿನ ಜಾಹೀರಾತು ಬಂತೆಂದರೆ ಸಾಮಾನ್ಯವಾಗಿ ಮನೆಯಲ್ಲಿ ಯಾರೋ ಅದನ್ನು ಹುಡುಕಿರುತ್ತಾರೆ. ಅದಕ್ಕಿಂತ ಲಿಂಕ್ಡ್ ಡಿವೈಸಸ್ ಪಟ್ಟಿಯನ್ನು ತೆರೆದು ನಮ್ಮದಲ್ಲದ ಸಾಧನವನ್ನು ಹೊರಹಾಕುವುದು, ನಾವು ಹಾಕಿಕೊಳ್ಳದ ಆ್ಯಪ್ ಇದೆಯೇ, ಎಸ್‌ಎಂಎಸ್ ಓದುವ ಅನುಮತಿ ಯಾವುದಕ್ಕಿದೆ ಎಂದು ಸೆಟ್ಟಿಂಗ್ಸ್‌ನಲ್ಲಿ ನೋಡುವುದು ಪ್ರಯೋಜನಕರ. ಎಪಿಕೆ ತೆರೆದುಬಿಟ್ಟಿದ್ದರೆ ಮೊದಲು ಇಂಟರ್‌ನೆಟ್ ಬಂದ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೂ 1930ಕ್ಕೂ ಕರೆ ಮಾಡಬೇಕು. ಹಣ ಇನ್ನೊಂದು ಖಾತೆಯಿಂದ ಮತ್ತೊಂದಕ್ಕೆ ಹಾರುವ ಮುನ್ನ ತಡೆಯಲು ಸಾಧ್ಯವಾಗುವುದು ಮೊದಲ ಗಂಟೆಗಳಲ್ಲಿ ಮಾತ್ರ. ಬಂದ ಸಂದೇಶದ ಚಿತ್ರ ತೆಗೆದಿಟ್ಟುಕೊಳ್ಳದೆ ಎಲ್ಲವನ್ನೂ ಅಳಿಸಿದರೆ ದೂರಿಗೆ ಆಧಾರವಿರುವುದಿಲ್ಲ.

ಗಡಿಯ ಕುಟುಂಬಕ್ಕೆ ನಿಜವಾದ ತೊಡಕು ಶುರುವಾಗುವುದು ಈ ದೂರಿನಲ್ಲೇ. ಕಾಸರಗೋಡಿನ ಮಗುವಿಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ. ತಾಳವಾಡಿಯಲ್ಲಿ ಠಾಣೆಯ ಭಾಷೆ ತಮಿಳು, ಅಕ್ಕಲಕೋಟೆ ಮತ್ತು ಜತ್ತದಲ್ಲಿ ಮರಾಠಿ, ರಾಯದುರ್ಗದಲ್ಲಿ ತೆಲುಗು. ಮೋಸದ ಕಡತಕ್ಕೆ ಭಾಷೆಯ ಹಂಗಿಲ್ಲ, ಒಂದು ಲಾಂಛನವಿದ್ದರೆ ಸಾಕು. ಎಚ್ಚರಿಕೆಯ ಪ್ರಕಟಣೆಗೆ ಭಾಷೆ ಬೇಕು. ಒಟಿಪಿ ಯಾವಾಗ ಬಂತು, ಏನು ಒತ್ತಿದೆವು ಎಂಬುದನ್ನು ಗಾಬರಿಯಲ್ಲಿರುವ ತಾಯಿ ಪರಭಾಷೆಯಲ್ಲಿ ವಿವರಿಸುವಷ್ಟರಲ್ಲಿ ಆ ಮೊದಲ ಗಂಟೆ ಕಳೆದಿರುತ್ತದೆ. ಜೊತೆಗೆ ಕರೆದೊಯ್ದ ಮಗುವೇ ಅವಳ ದುಭಾಷಿ.

ಸಂವಿಧಾನದ 350ನೆಯ ವಿಧಿಯಂತೆ, ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವುದೇ ಅಧಿಕಾರಿಗೆ ಸಲ್ಲಿಸಬಹುದು. ಕನ್ನಡದ ಮನವಿಯನ್ನು ಭಾಷೆಯ ನೆಪದಲ್ಲಿ ಹಿಂದಿರುಗಿಸುವಂತಿಲ್ಲ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದು ಮಾತ್ರ ಆ ವಿಧಿ ಹೇಳುವುದಿಲ್ಲ. ಅದನ್ನು ಕೇಳಿಯೇ ಪಡೆಯಬೇಕು. ಆದುದರಿಂದ ಪ್ರತಿ ಶಾಲೆಯ ರಕ್ಷಕ ಶಿಕ್ಷಕ ಸಂಘ ತನ್ನ ಜಿಲ್ಲೆಯ ಪೊಲೀಸ್ ವರಿಷ್ಠರಿಗೆ ಮೂರು ಬೇಡಿಕೆಗಳ ಮನವಿ ಸಲ್ಲಿಸಲಿ: ಸೈಬರ್ ಎಚ್ಚರಿಕೆಗಳು ಕನ್ನಡದಲ್ಲೂ ಬರಬೇಕು, ದೂರಿನ ನಮೂನೆ ಕನ್ನಡದಲ್ಲಿ ಸಿಗಬೇಕು, 1930ಕ್ಕೆ ಕರೆ ಮಾಡಿದವರಿಗೆ ಕನ್ನಡ ಬಲ್ಲ ಒಬ್ಬರು ದೊರೆಯಬೇಕು. ಅದರ ಪ್ರತಿಯನ್ನು 350ಬಿ ವಿಧಿಯಡಿ ನೇಮಕವಾಗುವ ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಗೂ ಕಳುಹಿಸಬೇಕು. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಸೇರಿಸುವಂತೆ ಮುಖ್ಯೋಪಾಧ್ಯಾಯರನ್ನು ಪೋಷಕರೇ ಕೇಳಬಹುದು. ಮನವಿಗೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು, ದಿನಾಂಕ ಸಹಿತ ಶಾಲೆಯ ಕಡತದಲ್ಲಿ ಇಡುವಂತೆಯೂ.