ತೊಡೆ ಮೇಲಿನ ಗುಳಿಗೆ 45 ಸಾವಿರ ಕಟ್ಟಬೇಕಾ?

ಈ ಸಲದ ವಿಷಯಕ್ಕೆ ನಮ್ಮೂರು ಬಲಸಮುದ್ರದ ಕಡೆ ಹೆಸರೇ ಇಲ್ಲ. ತೊಡೆ, ಸೊಂಟದ ಕೆಳಗೆ ಚರ್ಮ ನುಣ್ಣಗಿರದೆ ಕಿತ್ತಳೆ ಸಿಪ್ಪೆ ಥರ ಸಣ್ಣ ಸಣ್ಣ ಗುಳಿ ಬಿದ್ದಿರುತ್ತಲ್ಲ, ಅದು. ಇಂಗ್ಲಿಷಿನಲ್ಲಿ ಸೆಲ್ಯುಲೈಟ್. ಹೊಲದಲ್ಲಿ ಕಡಲೆಕಾಯಿ ಕೀಳುವ ನಮ್ಮ ದೊಡ್ಡಮ್ಮನಿಗೂ ಇದೆ, ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರುವ ನನಗೂ ಇದೆ. ದೊಡ್ಡಮ್ಮನನ್ನು ಕೇಳಿದರೆ, "ಚರ್ಮ ಕಣೆ, ಇನ್ನೆಂಗಿರ್ತದೆ?" ಅಂದ್ರು.

ಹೆಸರು ಬಂದ ಮೇಲೆ ಬಿಲ್ಲೂ ಬರುತ್ತೆ. ಬೆಂಗಳೂರಲ್ಲಿ ಮೊದಲ ಕೆಲಸದಲ್ಲಿರುವ ನನ್ನ ಚಿಕ್ಕಮ್ಮನ ಮಗಳಿಗೆ ಮದುವೆ ಗೊತ್ತಾಗಿದೆ. ಹೋದ ತಿಂಗಳು ಒಂದು ಕ್ಲಿನಿಕ್ಕಿನ ಪ್ಯಾಕೇಜನ್ನು ವಾಟ್ಸಾಪ್ ಮಾಡಿದಳು: ಆರು ಸಿಟಿಂಗ್, 45 ಸಾವಿರ, ಇಎಂಐ ಕೂಡ ಇದೆ. "ಅಕ್ಕ, ಮದುವೆಯೊಳಗೆ ಪೂರ್ತಿ ಹೋಗುತ್ತಂತೆ. ಕಟ್ಟಿಬಿಡ್ಲಾ?" ಅವಳ ಸಂಬಳದಲ್ಲಿ ಮನೆ ಬಾಡಿಗೆ, ಊರಿಗೆ ಕಳಿಸೋ ದುಡ್ಡು ಎರಡೂ ಹೋಗಬೇಕು. ಅವಳಿಗೆ ಹೇಳಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಹೇಳ್ತೀನಿ.

ಗುಳಿ ಬೀಳೋದು ಯಾಕೆ?

ಮನೆಯ ಹಳೇ ಹತ್ತಿ ಹಾಸಿಗೆ ನೆನಪಿಸಿಕೊಳ್ಳಿ. ಅಲ್ಲಲ್ಲಿ ದಾರ ಹಾಕಿ ಬಿಗಿದಿರ್ತಾರೆ. ದಾರ ಇರುವ ಕಡೆ ಗುಳಿ, ನಡುವೆ ಹತ್ತಿ ಉಬ್ಬು. ನಮ್ಮ ಚರ್ಮದ ಕೆಳಗೂ ಹಾಗೇ. ಚರ್ಮವನ್ನು ಒಳಗಿನ ಪದರಕ್ಕೆ ಕಟ್ಟಿಹಾಕುವ ನಾರುಗಳಿವೆ, ನಾರುಗಳ ನಡುವೆ ಕೊಬ್ಬು. ನಾರು ಕೆಳಕ್ಕೆ ಎಳೆಯುತ್ತೆ, ಕೊಬ್ಬು ಮೇಲಕ್ಕೆ ಒತ್ತುತ್ತೆ. ಗುಳಿ ಕಾಣೋದು ಅದಕ್ಕೇ. ಎಂಆರ್‌ಐ ಮಾಡಿ ನೋಡಿದಾಗಲೂ ಗುಳಿಗಳ ಕೆಳಗೆ ದಪ್ಪ ನಾರುಗಳು ಕಂಡಿವೆ.

ಗಂಡಸರಿಗೆ ಯಾಕೆ ಅಪರೂಪ? ಹೆಂಗಸರಲ್ಲಿ ಈ ನಾರುಗಳು ಹೆಚ್ಚುಕಡಿಮೆ ನೇರವಾಗಿ ನಿಂತಿರುತ್ತವೆ, ಗಂಡಸರಲ್ಲಿ ಬಲೆಯ ಹಾಗೆ ಅಡ್ಡಡ್ಡ ಹೆಣೆದುಕೊಂಡು ಕೊಬ್ಬನ್ನು ಹಿಡಿದಿಡುತ್ತವೆ ಅಂತ 1978ರಲ್ಲೇ ಇಬ್ಬರು ಜರ್ಮನ್ ಸಂಶೋಧಕರು ವಿವರಿಸಿದ್ದರು. ಜೊತೆಗೆ ಈಸ್ಟ್ರೋಜೆನ್ ಹಾರ್ಮೋನು, ಅನುವಂಶೀಯತೆ, ವಯಸ್ಸಾದಂತೆ ತೆಳ್ಳಗಾಗುವ ಚರ್ಮ ಎಲ್ಲವೂ ಸೇರುತ್ತವೆ. ಮೈನೆರೆದ ಮೇಲೆ 80ರಿಂದ 90 ಶೇಕಡಾ ಹೆಂಗಸರಲ್ಲಿ ಇದು ಸ್ವಲ್ಪವಾದರೂ ಇರುತ್ತೆ ಅನ್ನೋದು ಚರ್ಮವೈದ್ಯರು ಸಾಮಾನ್ಯವಾಗಿ ಕೊಡುವ ಅಂದಾಜು. ಹತ್ತರಲ್ಲಿ ಎಂಟು ಜನಕ್ಕೆ ಇರೋದನ್ನ ಕಾಯಿಲೆ ಅನ್ನೋಕಾಗುತ್ತಾ?

ಈ ಪದ ಹುಟ್ಟಿದ್ದು ಫ್ರಾನ್ಸಿನಲ್ಲಿ. ಇಂಗ್ಲಿಷ್ ಓದುವ ಹೆಂಗಸರಿಗೆ ಇದನ್ನು ಪರಿಚಯ ಮಾಡಿಸಿದ್ದು 1968ರಲ್ಲಿ 'ವೋಗ್' ಫ್ಯಾಷನ್ ಪತ್ರಿಕೆ. ಅಲ್ಲಿಂದ ಶುರುವಾದ ವ್ಯಾಪಾರ ಈಗ ನಮ್ಮ ಫೋನಿಗೆ ಬಂದಿದೆ.

ಏನು ಕೆಲಸ ಮಾಡುತ್ತೆ, ಏನು ಮಾಡಲ್ಲ?

ಕಾಫಿ ಅಂಶದ ಕ್ರೀಮು ಹಚ್ಚಿದರೆ ಚರ್ಮ ಸ್ವಲ್ಪ ಹೊತ್ತು ಬಿಗಿಯಾಗಿ ಕಾಣುತ್ತೆ, ಆಮೇಲೆ ಮೊದಲಿನ ಹಾಗೇ. ಮಸಾಜ್ ಕೂಡ ಅಷ್ಟೇ. ರೆಟಿನಾಲ್ ಇರುವ ಕ್ರೀಮು ಚರ್ಮವನ್ನು ತುಸು ದಪ್ಪ ಮಾಡಬಲ್ಲದು, ಆದರೆ ಅದಕ್ಕೆ ಆರು ತಿಂಗಳಾದರೂ ಬೇಕು, ಬಸುರಿಯರು ಹಚ್ಚಬಾರದು. ಲೈಪೋಸಕ್ಷನ್ ಕೊಬ್ಬು ತೆಗೆಯುತ್ತೆ, ನಾರನ್ನಲ್ಲ. ಕೆಲವರಿಗೆ ಗುಳಿ ಇನ್ನೂ ಎದ್ದು ಕಾಣುತ್ತೆ.

ಸೂಜಿಯಂಥ ಸಣ್ಣ ಉಪಕರಣದಿಂದ ನಾರನ್ನೇ ಕತ್ತರಿಸುವ ಸಬ್‌ಸಿಷನ್ ಅನ್ನೋ ವಿಧಾನಕ್ಕೆ ಒಳ್ಳೆಯ ಆಧಾರವಿದೆ. ಅದನ್ನು ತರಬೇತಿ ಪಡೆದ ಚರ್ಮವೈದ್ಯರೇ ಮಾಡಬೇಕು. ನಾರನ್ನು ಕರಗಿಸುವ 'ಕ್ವೊ' ಅನ್ನೋ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಸಿಕ್ಕಿತ್ತು. ಚರ್ಮ ಕಂದುವುದು, ಬಹಳ ದಿನ ಕಲೆ ಉಳಿಯುವುದು ಅಂತ 2022ರ ಕೊನೆಗೆ ಕಂಪನಿಯೇ ಅದನ್ನು ನಿಲ್ಲಿಸಿತು. ಅಷ್ಟು ಪರೀಕ್ಷೆ ದಾಟಿ ಬಂದ ಔಷಧಿಯ ಗತಿಯೇ ಹೀಗಾದಾಗ, "ಪೂರ್ತಿ ಹೋಗುತ್ತೆ, ಗ್ಯಾರಂಟಿ" ಅನ್ನುವವರನ್ನು ಎಷ್ಟು ನಂಬಬೇಕು ನೀವೇ ಯೋಚಿಸಿ.

ಇನ್ನೊಂದು ಮಾತು. ಮೊದಲು-ಆಮೇಲೆ ಫೋಟೋಗಳಲ್ಲಿ ಬೆಳಕು ಎಲ್ಲಿಂದ ಬಿದ್ದಿದೆ ನೋಡಿ. ಮೇಲಿನಿಂದ ಬಿದ್ದರೆ ಗುಳಿ ಎದ್ದು ಕಾಣುತ್ತೆ, ಎದುರಿನಿಂದ ಬಿದ್ದರೆ ಮಾಯ. ಬಾತ್‌ರೂಮಿನ ದೀಪದಡಿ ನೀವೇ ನೋಡಿಕೊಳ್ಳಬಹುದು, ದುಡ್ಡಿಲ್ಲದೆ.

ನಮ್ಮ ಕೈಲಿರೋದು

ಗುಳಿ ಪೂರ್ತಿ ಹೋಗಲ್ಲ, ಕಮ್ಮಿ ಕಾಣೋ ಹಾಗೆ ಮಾಡಬಹುದು. ಕೊಬ್ಬಿನ ಕೆಳಗಿರುವ ಸ್ನಾಯು ಗಟ್ಟಿಯಾದರೆ ಮೇಲಿನ ಚರ್ಮವೂ ಸಮವಾಗಿ ಕಾಣುತ್ತೆ. ಅದಕ್ಕೆ ಬಸ್ಕಿಗಿಂತ ಅಗ್ಗದ ವ್ಯಾಯಾಮವಿಲ್ಲ. ವಾರಕ್ಕೆ 150 ನಿಮಿಷ ಬಿರುಸಾದ ನಡಿಗೆ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ. ಊರಿಗೆ ಹೋದಾಗ ಮಧುಗಿರಿ ಬೆಟ್ಟ ಹತ್ತಿದರೆ ತೊಡೆಗೆ ಎಷ್ಟು ಕೆಲಸ ಅನ್ನೋದು ಮಾರನೇ ದಿನ ಗೊತ್ತಾಗುತ್ತೆ. ಮುದ್ದೆ ಜೊತೆ ಹುರುಳಿಕಾಳು ಸಾರೋ ಮೊಟ್ಟೆಯೋ ಇರಲಿ, ಸ್ನಾಯುವಿಗೆ ಪ್ರೋಟೀನ್ ಬೇಕು. ಉಪವಾಸ ಬಿದ್ದು ಒಂದೇ ತಿಂಗಳಲ್ಲಿ ತೂಕ ಇಳಿಸಬೇಡಿ. ಚರ್ಮ ಸಡಿಲವಾದರೆ ಗುಳಿ ಜಾಸ್ತಿ ಕಾಣುತ್ತೆ. ಸಿಗರೇಟು ಚರ್ಮದ ಕೊಲಾಜೆನ್ ಹಾಳು ಮಾಡುತ್ತೆ, ಅದೂ ನೆನಪಿರಲಿ.

ಡಾಕ್ಟರ ಹತ್ತಿರ ಯಾವಾಗ?

ಸೆಲ್ಯುಲೈಟ್ ನೋಯಲ್ಲ. ಹೆಸರು ಹತ್ತಿರವಿರುವ ಸೆಲ್ಯುಲೈಟಿಸ್ ಬೇರೆ, ಅದು ಬ್ಯಾಕ್ಟೀರಿಯಾ ಸೋಂಕು. ಕಾಲು ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋವು, ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಇದ್ದವರಂತೂ ಒಂದು ದಿನವೂ ಕಾಯಬೇಡಿ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿದರೆ ರಕ್ತ ಹೆಪ್ಪುಗಟ್ಟಿರಬಹುದು. ಎರಡೂ ಕಾಲು ದಪ್ಪಗಾಗಿ, ಪಾದ ಮಾತ್ರ ಸಣ್ಣಗಿದ್ದು, ಮುಟ್ಟಿದರೆ ನೋವಾದರೆ ಅದು ಲಿಪಿಡೀಮಾ ಇರಬಹುದು. ಇವಕ್ಕೆ ಬ್ಯೂಟಿ ಪ್ಯಾಕೇಜ್ ಮದ್ದಲ್ಲ.

ತಂಗಿ ದುಡ್ಡು ಕಟ್ಟಲಿಲ್ಲ. "ಅವರ ಮನೆಯವರು ಏನಾದ್ರೂ ಅಂದ್ರೆ?" ಅನ್ನೋ ಭಯ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ. ಅದಕ್ಕೆ ಯಾವ ಕ್ಲಿನಿಕ್ಕಿನಲ್ಲೂ ಸಿಟಿಂಗ್ ಇಲ್ಲ. ಮನೆಯ ಹೆಂಗಸರು ಒಬ್ಬರಿಗೊಬ್ಬರು "ನನಗೂ ಇದೆ ಕಣೆ" ಅಂದುಕೊಂಡರೆ ಅರ್ಧ ಭಾರ ಇಳಿಯುತ್ತೆ. ನಿಮ್ಮ ಅಕ್ಕತಂಗಿಯರ ಗ್ರೂಪಿನಲ್ಲಿ ಈ ವಾರ ಆ ಮಾತು ನೀವೇ ಶುರು ಮಾಡಿ.